ಎ, ಆನ್, ದ: ನಕ್ಕವರಿಗೂ ಗೊತ್ತಿರಲಿಲ್ಲ

ಹೋದ ಸೆಮಿಸ್ಟರ್ ಸೆಮಿನಾರಿನಲ್ಲಿ ನಮ್ಮ ಬೇಮಳಖೇಡದ ಗೆಳೆಯ ‘ಎ ಎಲ್‌ಇಡಿ’ ಅಂದ. ಹಿಂದಿನ ಬೆಂಚಿನವರು ನಕ್ಕರು, ನಾವೂ ನಕ್ಕೆವು. ರಾತ್ರಿ ರೂಮಿನಲ್ಲಿ ಅವನು ಕೇಳಿದ: “ಎಲ್ ಅಂದ್ರ ವವೆಲ್ ಅಲ್ಲಲ್ಲ, ಮತ್ತ ಆನ್ ಯಾಕ ಹಚ್ಚಬೇಕಲೇ?” ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಉತ್ತರ ಬರಲಿಲ್ಲ. ಆಮೇಲೆ ಇಬ್ಬರೂ ಕೂತು ಕಲಿತದ್ದು ಇಷ್ಟು.

1. ಅಕ್ಷರ ನೋಡಬೇಡಿ, ಉಚ್ಚಾರ ಕೇಳಿ
ಶಬ್ದ ಸ್ವರದಿಂದ ಶುರುವಾದರೆ ‘ಆನ್’, ವ್ಯಂಜನದಿಂದಾದರೆ ‘ಎ’. ಹಾಗಾಗಿ ಆನ್ ಎಲ್‌ಇಡಿ, ಆನ್ ಅವರ್ (ಇಲ್ಲಿ ಎಚ್ ಬಾಯಿಗೆ ಬರೋದೇ ಇಲ್ಲ). ಆದರೆ ಎ ಯೂನಿವರ್ಸಿಟಿ, ಎ ಯುಎಸ್‌ಬಿ ಕೇಬಲ್. ನಾವು ಎಡವೋದಕ್ಕೆ ಒಂದು ಕಾರಣ ಇದೆ. ಎಲೆಯನ್ನು ನಾವು ‘ಯೆಲೆ’ ಅಂತೀವಿ. ಅದೇ ರೂಢಿಯಲ್ಲಿ ‘ಯೆಲ್‌ಇಡಿ’ ಅಂದರೆ ‘ಎ’ ಸರಿ ಅಂತಲೇ ಕೇಳಿಸುತ್ತೆ!

2. ಎ ಬೇಕಾ, ದ ಬೇಕಾ?
ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದರೆ ಆ ಕೆಲಸ ಇದೆ. ‘ಬುಕ್ ತಂದೆ’ ಅಂದರೆ ಯಾವುದೋ ಒಂದು ಬುಕ್. ‘ಬುಕ್ಕನ್ನು ತಂದೆ’ ಅಂದರೆ ಹೆಚ್ಚಾಗಿ ಕೇಳುವವನಿಗೂ ಗೊತ್ತಿರೋ ಬುಕ್. ‘ಒಂದು’ ಹೊಂದುವಲ್ಲಿ ‘ಎ’ ಅಥವಾ ‘ಆನ್’, ‘ಆ’ ಹೊಂದುವಲ್ಲಿ ‘ದ’ ಹಾಕಿ ನೋಡಿ. ಲ್ಯಾಬ್ ರಿಪೋರ್ಟಿನಲ್ಲಿ ಮೊದಲ ಸಲ ಹೇಳುವಾಗ ‘ಎ ಸರ್ಕ್ಯೂಟ್’, ಅದನ್ನೇ ಮತ್ತೆ ಹೇಳುವಾಗ ‘ದ ಸರ್ಕ್ಯೂಟ್’. ಪ್ರತಿ ಸಲ ‘ಎ’ ಬರೆದರೆ ಓದುವವರು ಬೇರೆ ಬೇರೆ ಸರ್ಕ್ಯೂಟ್ ಅಂದುಕೊಳ್ತಾರೆ. ಇದು ಬರೀ ಗ್ರಾಮರ್ ಅಲ್ಲ, ಅರ್ಥವೇ ಬದಲಾಗುತ್ತೆ.

3. ಏನೂ ಬೇಡದ ಕಡೆ
ಊರಿನ ಹೆಸರಿಗೆ ಸಾಮಾನ್ಯವಾಗಿ ಆರ್ಟಿಕಲ್ ಇಲ್ಲ: ಬೀದರ್, ಬಸವಕಲ್ಯಾಣ, ಹುಮನಾಬಾದ್. ನದಿಗೆ ಮಾತ್ರ ಬೇಕು: ದ ಮಾಂಜ್ರಾ. ಎಣಿಸಲಾಗದ ನಾಮಪದಕ್ಕೆ ‘ಎ’ ಹಚ್ಚಬಾರದು. ‘ಎ ಸಾಫ್ಟ್‌ವೇರ್’, ‘ಆನ್ ಇನ್ಫರ್ಮೇಷನ್’ ಎರಡೂ ತಪ್ಪು. ರೆಸ್ಯೂಮೆಗಳಲ್ಲಿ ಇವು ಸಿಗ್ತಾನೇ ಇರ್ತವೆ. ‘ಎ ಸಾಫ್ಟ್‌ವೇರ್ ಪ್ರೋಗ್ರಾಂ’ ಅನ್ನಿ, ಸರಿಹೋಗುತ್ತೆ.

ನೀವೇ ಮಾಡಿ ನೋಡಿ
ಎ ಅಥವಾ ಆನ್ ತುಂಬಿ: ಎಂಟೆಕ್ ಡಿಗ್ರಿ, ಯುಪಿಎಸ್, ಐಸಿ, ಆನೆಸ್ಟ್ ಆನ್ಸರ್, ವನ್-ವೇ ರೋಡ್.
ಉತ್ತರ: ಆನ್, ಎ, ಆನ್, ಆನ್, ಎ.

ಗೆಳೆಯನಿಗೆ ಸಾರಿ ಹೇಳಿದೆವು. ಅವನು, “ಸಾರಿ ಇರ್ಲಿ, ಇದನ್ನ ಬರೀ. ಜೂನಿಯರ್‌ಗಳಿಗೆ ಬೇಕಾಗ್ತದ” ಅಂದ. ಬರೆದಿದ್ದೇವೆ. ಇನ್ಮೇಲೆ ಸೆಮಿನಾರಿನಲ್ಲಿ ಯಾರಾದರೂ ತಪ್ಪಿದರೆ ನಗುವ ಮೊದಲು ಯಾಕೆ ತಪ್ಪು ಅಂತ ಹೇಳೋಕೆ ಬರುತ್ತಾ, ನೋಡಿಕೊಳ್ಳೋಣ.