‘ಬೆಲ್ಟ್ ಇದೆಯಲ್ಲ’ ಎಂದರೆ ಸಾಲದು

ಪ್ರಶ್ನೆ: ನಮ್ಮ ಯಜಮಾನರಿಗೆ 43 ವರ್ಷ. ಬೂಮ್ ಲಿಫ್ಟ್‌ನಲ್ಲಿ ಮೇಲೇರಿ ದೊಡ್ಡ ಕಟ್ಟಡಗಳಿಗೆ ಗಾಜು ಕೂರಿಸುತ್ತಾರೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾರೆ. ಕಳೆದ ವಾರ ಮೇಲಿದ್ದಾಗಲೇ ಮೈಯೆಲ್ಲ ಬೆವರಿ ಕಣ್ಣು ಕತ್ತಲೆ ಬಂತಂತೆ. ‘ಬೆಲ್ಟ್ ಇದೆಯಲ್ಲ, ಬಿದ್ದರೂ ಏನಾಗಲ್ಲ’ ಎನ್ನುತ್ತ ಮತ್ತೆ ಹೋಗುತ್ತಿದ್ದಾರೆ. ಏನು ಮಾಡಲಿ ಡಾಕ್ಟ್ರೇ?
– ಓದುಗರು, ಬೆಂಗಳೂರು

ಉತ್ತರ: ಕಾರಣ ಗೊತ್ತಾಗುವವರೆಗೆ ಅವರು ಲಿಫ್ಟ್ ಹತ್ತುವುದು ಬೇಡ. ಅಷ್ಟು ದಿನ ನೆಲದ ಮೇಲಿನ ಕೆಲಸ ಕೊಡಿ ಎಂದು ಸೂಪರ್‌ವೈಸರ್‌ಗೆ ಕೇಳಲಿ.

ಮೈ ಬೆವರಿ ಕಣ್ಣು ಕತ್ತಲೆ ಬಂತೆಂದರೆ ಮೊದಲ ಅನುಮಾನ ಸಕ್ಕರೆ ಇಳಿದಿರಬಹುದೆಂದು. ಗ್ಲಿಮೆಪಿರೈಡ್ ನುಂಗಿ ತಿಂಡಿ ಬಿಟ್ಟರೆ, ಅಥವಾ ಎಂದಿಗಿಂತ ಹೆಚ್ಚು ದುಡಿದರೆ ಹೀಗಾಗುತ್ತದೆ. ಆದರೆ ಹೃದಯದ ಬಡಿತದಲ್ಲಿ ಏರುಪೇರು, ಬಿಸಿಲಿಗೆ ನೀರಿನಂಶ ಇಳಿಯುವುದು, ಬಿಪಿ ಕುಸಿಯುವುದು ಕೂಡ ಕಾರಣವಿರಬಹುದು. ಈ ವಾರವೇ ವೈದ್ಯರನ್ನು ಕಂಡು ಇಸಿಜಿ, ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ. ಎತ್ತರದಲ್ಲಿ ಕೆಲಸ ಎಂಬುದನ್ನು ತಪ್ಪದೆ ಹೇಳಿ; ಸಕ್ಕರೆಯನ್ನು ಅಷ್ಟು ಇಳಿಸದ ಬೇರೆ ಮಾತ್ರೆಗಳಿವೆ. ನಿದ್ದೆ ಬರಿಸುವ ನೆಗಡಿ ಮಾತ್ರೆ ನುಂಗಿದ ದಿನವೂ ಹತ್ತಬಾರದು.

ಮುಂದೆ ವೈದ್ಯರು ಒಪ್ಪಿದ ಮೇಲೂ, ಹತ್ತುವ ಮುನ್ನ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಲಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆ ಹೊತ್ತಿನಲ್ಲಿ ಮೇಲೆ ಹೋಗುವ ಮಾತೇ ಇಲ್ಲ. ಗ್ಲುಕೋಸ್ ಪೊಟ್ಟಣ ಸದಾ ಜೇಬಿನಲ್ಲಿರಲಿ.

ಇನ್ನು ಬೆಲ್ಟ್. ಅದು ಬೇಕೇ ಬೇಕು. ಬೂಮ್ ಲಿಫ್ಟ್‌ನ ಚಕ್ರ ಸಣ್ಣ ಗುಂಡಿಗೆ ಇಳಿದರೂ ಮೇಲಿನ ಬುಟ್ಟಿ ಕವಣೆಯಂತೆ ಚಿಮ್ಮಿ ಆಳನ್ನು ಹೊರಗೆಸೆಯಬಲ್ಲದು. ಬರೀ ಸೊಂಟದ ಪಟ್ಟಿ ಸಾಲದು. ತೊಡೆ, ಎದೆ, ಭುಜ ಎಲ್ಲವನ್ನೂ ಹಿಡಿಯುವ ಪೂರ್ತಿ ಬೆಲ್ಟ್ ಬೇಕು. ಕೊಕ್ಕೆಯನ್ನು ಬುಟ್ಟಿಯಲ್ಲಿ ಅದಕ್ಕೆಂದೇ ಇರುವ ಬಳೆಗೆ ಸಿಕ್ಕಿಸಬೇಕು, ಕಟ್ಟಡದ ಕಂಬಿಗಲ್ಲ.

ಆದರೆ ಬೆಲ್ಟ್ ನೆಲಕ್ಕೆ ಬೀಳದಂತೆ ತಡೆದ ಮೇಲೂ ಅಪಾಯ ಮುಗಿಯುವುದಿಲ್ಲ. ಅಲುಗಾಡದೆ ನೇತಾಡುವವನ ರಕ್ತ ಕಾಲುಗಳಲ್ಲೇ ನಿಲ್ಲುತ್ತದೆ. ಮಿದುಳಿಗೆ ರಕ್ತ ಸಾಲದೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ತಡವಾದರೆ ಜೀವವೇ ಹೋಗಬಹುದು. ಎಚ್ಚರವಿದ್ದರೆ ಕಾಲು ಆಡಿಸುತ್ತಲೇ ಇರಬೇಕು. ಬೆಲ್ಟ್‌ಗೆ ಪಾದ ಊರುವ ಪಟ್ಟಿಯಿದ್ದರೆ ಅದರಲ್ಲಿ ನಿಲ್ಲಬೇಕು. ಸಕ್ಕರೆ ಇಳಿದು ಮಂಕಾದವರಿಗೆ ಇದು ಸಾಧ್ಯವೇ?

ಹಾಗಾಗಿ ಕೆಳಗೊಬ್ಬರು ಸದಾ ಇರಲೇಬೇಕು. ಲಿಫ್ಟ್‌ನ ಬುಡದಲ್ಲಿರುವ ಸ್ವಿಚ್‌ಗಳಿಂದ ಬುಟ್ಟಿಯನ್ನು ಇಳಿಸುವುದು ಅವರಿಗೆ ಬರಬೇಕು. ಇಳಿಸಿದ ಕೂಡಲೇ ಅಂಗಾತ ಮಲಗಿಸಿ, 108ಕ್ಕೆ ಕರೆ ಮಾಡಿ. ಉಸಿರಾಟವಿಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಸಕ್ಕರೆ ಏನನ್ನೂ ಹಾಕಬೇಡಿ.

ತಲೆಸುತ್ತನ್ನು ಮುಚ್ಚಿಟ್ಟರೆ ಕೂಲಿ ಉಳಿಯುತ್ತದೆಂದು ಅವರು ಎಣಿಸಿರಬಹುದು. ಜೊತೆಗಾರರಿಗೂ ಮೇಸ್ತ್ರಿಗೂ ಅವರ ಕಾಯಿಲೆ ಗೊತ್ತಿದ್ದರೆ ಮಾತ್ರ ಸಮಯಕ್ಕೆ ಕೆಳಗಿಳಿಸಲು ಸಾಧ್ಯ. ಇದನ್ನು ಅವರಿಗೆ ಓದಿ ಹೇಳಿ. ವೈದ್ಯರ ಬಳಿಗೆ ನೀವೂ ಜೊತೆಯಲ್ಲಿ ಹೋಗಿ.