ಯಕೃತ್ತಿನ ಜಂತುಕೋಶ ಮತ್ತು ಸೋನೋಗ್ರಫಿಯ ಸಾಕ್ಷ್ಯ

ಠಾಣೆ, ಕಲ್ಯಾಣ, ಡೊಂಬಿವಲಿ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಸೋನೋಗ್ರಫಿ ಎಂಬ ಶಬ್ದ ಅಪರಿಚಿತವಲ್ಲ. ಬೇರಾವುದೋ ಕಾರಣಕ್ಕೆ ಹೊಟ್ಟೆಯ ಪರೀಕ್ಷೆ ಮಾಡಿಸಿಕೊಂಡ ಡೊಂಬಿವಲಿಯ ಗೃಹಸ್ಥರೊಬ್ಬರ ವರದಿಯಲ್ಲಿ ‘ಯಕೃತ್ತಿನಲ್ಲಿ ಸಿಸ್ಟ್’ ಎಂಬ ಒಂದು ಸಾಲು ಕಂಡಿತೆಂದು ಊಹಿಸೋಣ. ಅಂದಿನಿಂದ ಮನೆಮಂದಿಗೆ ನಿದ್ದೆಯಿಲ್ಲ. ಒಬ್ಬರು ಕ್ಯಾನ್ಸರ್ ಎಂದು ಹೆದರುವರು. ಇನ್ನೊಬ್ಬರು ಸೂಜಿ ಚುಚ್ಚಿ ನೀರು ತೆಗೆಸಿದರಾಯಿತು ಎನ್ನುವರು. ಎರಡೂ ಅವಸರದ ತೀರ್ಮಾನಗಳೇ.

ಇಂತಹ ಕೋಶಗಳಲ್ಲಿ ಹಲವು ನಿರುಪದ್ರವಿಗಳು. ಕೆಲವು ಮಾತ್ರ ಎಕೈನೋಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮರಿಯಿಂದ ಉಂಟಾದ ಹೈಡ್ಯಾಟಿಡ್ ಕೋಶಗಳು. ಈ ಹುಳುವಿನ ಮನೆ ನಾಯಿಯ ಕರುಳು. ನಾಯಿಯ ಮಲದೊಡನೆ ಹೊರಬಿದ್ದ ಮೊಟ್ಟೆಗಳು ಮೇವಿನೊಡನೆ ಕುರಿ, ಆಡು, ದನಗಳ ಹೊಟ್ಟೆ ಸೇರಿ ಅಲ್ಲಿ ಕೋಶಗಳಾಗುತ್ತವೆ. ಆ ಹಸಿ ಅಂಗಾಂಗಗಳನ್ನು ತಿಂದ ನಾಯಿಗೆ ಮತ್ತೆ ಹುಳು ತಗಲುತ್ತದೆ. ಮಣ್ಣಾದ ಕೈ, ತೊಳೆಯದ ಸೊಪ್ಪು, ಕಲುಷಿತ ನೀರುಗಳ ಮೂಲಕ ಮನುಷ್ಯನು ಈ ಚಕ್ರದೊಳಗೆ ಆಕಸ್ಮಿಕವಾಗಿ ಸಿಲುಕುತ್ತಾನೆ. ಮಾಂಸ ತಿಂದುದರಿಂದ ಈ ರೋಗ ಬರುವುದಿಲ್ಲ; ರೋಗಿಯಿಂದ ಮನೆಯವರಿಗೆ ಅಂಟುವುದೂ ಇಲ್ಲ. ಕೋಶವು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯಬಲ್ಲದು. ಆದುದರಿಂದ ಊರಿನಲ್ಲಿ ಬಾಲ್ಯದಲ್ಲಿ ತಗಲಿದುದು ಮುಂಬಯಿಯ ನಡುವಯಸ್ಸಿನಲ್ಲಿ ಪ್ರಕಟವಾದರೆ ಆಶ್ಚರ್ಯವಿಲ್ಲ.

ಕೋಶವಿದೆ ಎಂದಷ್ಟೇ ತಿಳಿದರೆ ಸಾಲದು. ಅದು ಯಾವ ಅವಸ್ಥೆಯಲ್ಲಿದೆ ಎಂಬುದೇ ಮುಖ್ಯ. ಕಿವಿಗೆ ಕೇಳದ ಧ್ವನಿತರಂಗಗಳಿಂದ ಈ ಅವಸ್ಥೆಯನ್ನು ಅರಿಯಬಹುದೆಂದು ಟ್ಯುನೀಸಿಯಾ ದೇಶದ ವೈದ್ಯ ಹಸನ್ ಘರ್ಬಿ ಮತ್ತು ಸಂಗಡಿಗರು 1981ರಲ್ಲಿ ಐದು ಬಗೆಗಳ ವರ್ಗೀಕರಣವನ್ನು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವು ಅದನ್ನು ಪರಿಷ್ಕರಿಸಿ 2003ರಲ್ಲಿ ಹೊರತಂದ ಕ್ರಮವೇ ಇಂದು ಬಳಕೆಯಲ್ಲಿದೆ. ವರದಿಯಲ್ಲಿ ಕಾಣುವ ‘ಸಿ.ಇ.’ ಎಂಬ ಅಕ್ಷರಗಳ ಅರ್ಥ ಹೀಗಿದೆ:

ಸಿ.ಇ. 1: ತಿಳಿನೀರು ತುಂಬಿದ ಒಂದೇ ಕೋಶ, ಜೋಡಿಗೆರೆಯಂತಹ ಗೋಡೆ.
ಸಿ.ಇ. 2: ಒಳಗೆ ಜೇನುಗೂಡಿನಂತೆ ಮರಿಕೋಶಗಳು. ಈ ಎರಡೂ ಜೀವಂತ ಅವಸ್ಥೆಗಳು.
ಸಿ.ಇ. 3: ಪರಿವರ್ತನೆಯ ಅವಸ್ಥೆ. ಒಳಪೊರೆ ಕಳಚಿ ನೀರಿನಲ್ಲಿ ತೇಲುತ್ತಿದ್ದರೆ ‘3 ಎ’. ಗಟ್ಟಿಯಾದ ಭಾಗದ ನಡುವೆ ಮರಿಕೋಶಗಳಿದ್ದರೆ ‘3 ಬಿ’.
ಸಿ.ಇ. 4: ಉಣ್ಣೆಯ ಉಂಡೆಯಂತೆ ಗಟ್ಟಿಯಾದುದು.
ಸಿ.ಇ. 5: ಗೋಡೆಗೆ ಸುಣ್ಣ ಕಟ್ಟಿದುದು. ಈ ಕೊನೆಯ ಎರಡು ಬಹುಮಟ್ಟಿಗೆ ನಿಷ್ಕ್ರಿಯ.

ಚಿಕಿತ್ಸೆಯು ಈ ಅಂಕಿಯನ್ನು ಅವಲಂಬಿಸಿದೆ. 5 ಸೆಂಟಿಮೀಟರಿಗಿಂತ ಚಿಕ್ಕದಾದ 1 ಮತ್ತು 3 ಎ ಕೋಶಗಳಿಗೆ ಆಲ್ಬೆಂಡಜೋಲ್ ಮಾತ್ರೆಯೇ ಸಾಕಾಗಬಹುದು. ಅದನ್ನು ತಿಂಗಳುಗಟ್ಟಲೆ, ರಕ್ತಪರೀಕ್ಷೆಯೊಡನೆ, ವೈದ್ಯರ ಕಣ್ಗಾವಲಿನಲ್ಲಿ ಸೇವಿಸಬೇಕು. ಅವೇ ಬಗೆಯ ದೊಡ್ಡ ಕೋಶಗಳಿಗೆ, ಔಷಧದ ರಕ್ಷಣೆಯೊಡನೆ, ಸೂಜಿಯಿಂದ ನೀರು ತೆಗೆದು ಹುಳುನಾಶಕ ದ್ರವ ತುಂಬಿ ಮತ್ತೆ ಹೊರತೆಗೆಯುವ ವಿಧಾನವಿದೆ. ಮರಿಕೋಶಗಳು ಕಿಕ್ಕಿರಿದಲ್ಲಿ ಒಂದು ಸೂಜಿಯಿಂದ ಎಲ್ಲವೂ ಬರಿದಾಗದು. ಅಲ್ಲಿ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ತೊಂದರೆ ಕೊಡದ 4 ಮತ್ತು 5ನೆಯ ಬಗೆಗಳನ್ನು ಕಾಲಕಾಲಕ್ಕೆ ನೋಡುತ್ತಿದ್ದರೆ ಸಾಕು. ಬಗೆ ತಿಳಿಯದೆ ಚುಚ್ಚಿದರೆ ಒಳಗಿನ ದ್ರವ ಸೋರಿ ಪ್ರಾಣಾಂತಿಕ ಅಲರ್ಜಿ ಉಂಟಾದೀತು. ರೋಗವು ಹೊಟ್ಟೆಯೊಳಗೆ ಹರಡಲೂಬಹುದು.

ಜ್ವರ ಮತ್ತು ಬಲಪಕ್ಕೆಯ ನೋವು ಜೊತೆಗಿದ್ದರೆ ವಿಷಯ ಬೇರೆ. ಅದು ಅಮೀಬಾದಿಂದಾದ ಯಕೃತ್ತಿನ ಕೀವಿರಬಹುದು; ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಳವಾದಲ್ಲಿರುವ ಠಾಣೆ ಮಹಾನಗರಪಾಲಿಕೆಯ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ವಾಶಿಯ ಮಹಾನಗರಪಾಲಿಕೆಯ ಆಸ್ಪತ್ರೆಗಳು ನಮ್ಮವರಿಗೆ ಸಮೀಪದವು.

ಒಂದು ಕಿವಿಮಾತು: ಮನೆ ಬದಲಾಯಿಸುವಾಗ ಹಳೆಯ ಸೋನೋಗ್ರಫಿ ವರದಿಗಳನ್ನು ರದ್ದಿಗೆ ಹಾಕಬಾರದು. ಹಿಂದಿನ ಬಾಕಿ ತಿಳಿಯದೆ ಖಾತೆಯ ಸ್ಥಿತಿ ಹೇಳಲಾಗದು. ಹಿಂದಿನ ಅಳತೆಯಿಲ್ಲದೆ ಕೋಶ ಬೆಳೆದಿದೆಯೇ ಕುಗ್ಗಿದೆಯೇ ಎಂದು ವೈದ್ಯರೂ ಹೇಳಲಾರರು. ಸಾಕುನಾಯಿಗೆ ಪಶುವೈದ್ಯರ ಸಲಹೆಯಂತೆ ಹುಳುವಿನ ಔಷಧ ಕೊಡಿಸುವುದು, ಅದಕ್ಕೆ ಹಸಿ ಅಂಗಾಂಗಗಳನ್ನು ಹಾಕದಿರುವುದು, ಉಣ್ಣುವ ಮುನ್ನ ಕೈತೊಳೆಯುವುದು, ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆಯುವುದು, ಇವು ಖರ್ಚು ಕಡಿಮೆಯ ರಕ್ಷಣೆಗಳು. ರಜೆಯಲ್ಲಿ ಊರಿಗೆ ಹೋಗಿ ಅಂಗಳದ ನಾಯಿಯೊಡನೆ ಆಡುವ ಮಕ್ಕಳಿಗೆ ಇವನ್ನು ಕಲಿಸುವುದು ಹಿರಿಯರ ಕರ್ತವ್ಯ.