ನಂಬರು 214

(ಪತ್ತೇದಾರಿ ಕಾದಂಬರಿಯೊಂದು ಕೈಯಿಂದ ಕೈಗೆ ದಾಟುವಾಗ ಓದುಗರ ನಡುವೆ ಮಾತಿಲ್ಲದ ಒಂದು ಒಪ್ಪಂದವೂ ದಾಟುತ್ತದೆ. ಗಡಿನಾಡಿನ ಒಂದು ಹಳ್ಳಿಯ ವಾಚನಾಲಯದಲ್ಲಿ ಆ ಒಪ್ಪಂದ ಮುರಿದ ಸಂದರ್ಭವೊಂದನ್ನು ಈ ಪಾಠದಲ್ಲಿ ಓದಿರಿ.)

ನಮ್ಮ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಜನರು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಕೊನೆಯಲ್ಲಿ ರಾವಣ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಚಾಪೆ ಹಿಡಿದುಕೊಂಡು ಹೋಗಿ ಬೆಳಗಿನವರೆಗೆ ಕೂರುತ್ತಾರೆ. ಕತೆ ಗೊತ್ತಿರುವುದು ಅಲ್ಲಿ ತೊಡಕಲ್ಲ, ಅನುಕೂಲವೇ. ಅರ್ಥಧಾರಿ ಇಂದು ಹೇಗೆ ಮಾತನಾಡುತ್ತಾನೆಂಬುದೇ ಕುತೂಹಲ. ಪತ್ತೇದಾರಿ ಕಾದಂಬರಿಯ ಗುಣ ಇದಕ್ಕೆ ತೀರಾ ಬೇರೆ. ಅಪರಾಧಿ ಯಾರೆಂದು ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಇನ್ನೂರು ಪುಟಗಳ ಸೊಗಸು ಅಲ್ಲಿಗೆ ಮುಗಿಯಿತು. ಅಂತಹ ಪುಸ್ತಕವನ್ನು ಮೊದಲ ಸಲ ಓದುವ ಸುಖ ಒಬ್ಬನಿಗೆ ಒಂದೇ ಬಾರಿ ಸಿಗುವಂಥದ್ದು.

ಕನ್ನಡದಲ್ಲಿ ಈ ಸುಖವನ್ನು ಸಾಮಾನ್ಯ ಜನರ ಕೈಗೆ ಮುಟ್ಟಿಸಿದವರಲ್ಲಿ ಎನ್. ನರಸಿಂಹಯ್ಯನವರು (1925–2011) ಮುಖ್ಯರು. ಅವರು ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಬರೆದ ಕಾದಂಬರಿಗಳು ಐನೂರಕ್ಕೂ ಹೆಚ್ಚು! ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ಪತ್ತೇದಾರರ ಹೆಸರೆತ್ತಿದರೆ ಈಗಲೂ ಹಿರಿಯರ ಮುಖ ಅರಳುತ್ತದೆ. ಇಂತಹ ಪುಸ್ತಕಗಳನ್ನು ಹಗುರವಾದ ಸಾಹಿತ್ಯವೆಂದು ದೂರ ಇಟ್ಟವರು ಉಂಟು. ಆದರೆ ಅಕ್ಷರ ಕೂಡಿಸಿ ಓದಲು ಕಷ್ಟಪಡುತ್ತಿದ್ದ ಎಷ್ಟೋ ಮಂದಿ ಸರಾಗವಾಗಿ ಕನ್ನಡ ಓದುವುದನ್ನು ಕಲಿತದ್ದು ಇವುಗಳ ಬೆನ್ನು ಹತ್ತಿಯೇ. ಗಡಿನಾಡಿನ ಶಿಕ್ಷಕನಾಗಿ ಆ ಉಪಕಾರವನ್ನು ನಾನು ಸಣ್ಣದೆಂದು ಎಣಿಸಲಾರೆ.

ಕೇರಳದಲ್ಲಿ ಹಳ್ಳಿಹಳ್ಳಿಗೂ ವಾಚನಾಲಯಗಳು ಬಂದ ಕತೆ ನಿಮಗೆ ಗೊತ್ತೇ ಇದೆ. ಪಿ. ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ 1945ರಲ್ಲಿ ತಿರುವಾಂಕೂರಿನಲ್ಲಿ ಗ್ರಂಥಶಾಲಾ ಸಂಘ ಹುಟ್ಟಿತು. 1956ರಲ್ಲಿ ಕೇರಳ ರಾಜ್ಯವಾದ ಮೇಲೆ ಅದರ ಕೆಲಸ ಉಳಿದ ಜಿಲ್ಲೆಗಳಿಗೂ ಹರಡಿತು. ಅವರು ತೀರಿಕೊಂಡ ಜೂನ್ 19ನ್ನು ನಮ್ಮ ಶಾಲೆಗಳಲ್ಲಿ ವಾಚನ ದಿನವಾಗಿ ಆಚರಿಸುತ್ತೇವೆ.

ನಮ್ಮೂರಿನ ವಾಚನಾಲಯ ಹಂಚಿನ ಮಾಡಿನ ಒಂದೇ ಕೋಣೆ. ಮಲಯಾಳ ಪುಸ್ತಕಗಳಿಗೆ ನಾಲ್ಕು ಕಪಾಟು, ಕನ್ನಡಕ್ಕೆ ಒಂದು. ನಿವೃತ್ತರಾದ ಮಾಷ್ಟ್ರೊಬ್ಬರು ಸಂಜೆ ಎರಡು ಗಂಟೆ ಬಾಗಿಲು ತೆರೆದು ಕೂರುತ್ತಿದ್ದರು. ಆ ಒಂದು ಕಪಾಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದ ಪುಸ್ತಕ ನಂಬರು 214. ಹೊದಿಕೆ ಹರಿದುಹೋಗಿತ್ತು. ಮೊದಲ ಎರಡು ಹಾಳೆಗಳೂ ಇರಲಿಲ್ಲ. ಆದ್ದರಿಂದ ಅದರ ಹೆಸರಾಗಲಿ ಬರೆದವರು ಯಾರೆಂದಾಗಲಿ ನಮಗೆ ತಿಳಿಯದು. ಮಾಷ್ಟ್ರು ಸಿಮೆಂಟು ಚೀಲದ ಕಾಗದದಿಂದ ಅದಕ್ಕೆ ಬೈಂಡು ಹಾಕಿ, ಮೇಲೆ ದಪ್ಪ ಅಂಕೆಯಲ್ಲಿ 214 ಎಂದು ಬರೆದಿದ್ದರು. ಜನರು ಕೇಳುತ್ತಿದ್ದುದೂ ಹಾಗೆಯೇ. "ಇನ್ನೂರ ಹದಿನಾಲ್ಕು ಬಂತಾ ಮಾಷ್ಟ್ರೇ?" "ಇಲ್ಲ, ಪೋಸ್ಟಿನವರ ಹತ್ತಿರ ಉಂಟು. ಸೋಮವಾರ ಬಾ."

ಒಂದೇ ಪ್ರತಿ, ಕಾಯುವವರು ಹಲವರು. ಮಾಷ್ಟ್ರು ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಸರದಿಯ ಪಟ್ಟಿ ಇಟ್ಟಿದ್ದರು. ಇದರಲ್ಲಿ ಒಂದು ವಿಶೇಷವನ್ನು ಗಮನಿಸಿ. ಷರ್ಲಾಕ್ ಹೋಮ್ಸ್‌ನ ಪ್ರಸಿದ್ಧ ಕಾದಂಬರಿ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಮೊದಲು ಬಂದದ್ದು ಲಂಡನ್ನಿನ ಸ್ಟ್ರಾಂಡ್ ಮಾಸಪತ್ರಿಕೆಯಲ್ಲಿ, 1901–02ರಲ್ಲಿ, ಧಾರಾವಾಹಿಯಾಗಿ. ಮುಂದಿನ ಸಂಚಿಕೆ ಬರುವ ತನಕ ಯಾವ ಓದುಗನಿಗೂ ಉತ್ತರ ತಿಳಿಯುವಂತಿರಲಿಲ್ಲ. ಎಲ್ಲರದೂ ಒಂದೇ ಅಜ್ಞಾನ. ಕೈಯಿಂದ ಕೈಗೆ ಹೋಗುವ ಒಂದೇ ಪ್ರತಿಯ ವಿಚಾರ ಹಾಗಲ್ಲ. ಅಲ್ಲಿ ಊರಿನ ಅರ್ಧ ಮಂದಿಗೆ ಗುಟ್ಟು ಗೊತ್ತು, ಉಳಿದರ್ಧಕ್ಕೆ ಗೊತ್ತಿಲ್ಲ. ಇಬ್ಬರೂ ದಿನಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ ಎದುರಾಗುತ್ತಾರೆ. ಆದರೂ ಗುಟ್ಟು ನಿಲ್ಲುತ್ತದೆ. ಅಗಾಥಾ ಕ್ರಿಸ್ಟಿಯವರ 'ದಿ ಮೌಸ್‌ಟ್ರ್ಯಾಪ್' ನಾಟಕ 1952ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಅದರ ಕೊನೆಯಲ್ಲಿ, ಅಪರಾಧಿ ಯಾರೆಂದು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರಲ್ಲಿ ಕೇಳಿಕೊಳ್ಳುವುದು ವಾಡಿಕೆ. ನಮ್ಮೂರಿನಲ್ಲಿ ಹಾಗೆ ಯಾರೂ ಯಾರನ್ನೂ ಕೇಳಿಕೊಂಡಿರಲಿಲ್ಲ. ಓದಿ ಮುಗಿಸಿದವರು ಮಾಷ್ಟ್ರ ಮೇಜಿನ ಮೇಲೆ ಪುಸ್ತಕ ಇಟ್ಟು, ಸರದಿಯಲ್ಲಿರುವವರನ್ನು ನೋಡಿ ಸುಮ್ಮನೆ ನಗುತ್ತಿದ್ದರು, ಅಷ್ಟೆ.

ಆ ಪುಸ್ತಕ ನನ್ನ ಕೈಗೆ ಬಂದದ್ದು 1985ರಲ್ಲಿ. ಆಗ ನಾನು ಒಂಬತ್ತನೆಯ ತರಗತಿ. ನನ್ನ ನಂತರದ ಸರದಿ ನನ್ನ ಬೆಂಚಿನ ಗೆಳೆಯನದು. ಆ ವಾರ ಗಣಿತದ ಲೆಕ್ಕವೊಂದರ ಬಗ್ಗೆ ನಮ್ಮಿಬ್ಬರಿಗೂ ಜಗಳವಾಗಿತ್ತು. ಯಾವ ಲೆಕ್ಕವೆಂದು ಈಗ ನೆನಪಿಲ್ಲ. ಕಾದಂಬರಿಯನ್ನು ಎರಡೇ ರಾತ್ರಿಯಲ್ಲಿ ಮುಗಿಸಿದೆ. ಮೂರನೆಯ ದಿನ 36ನೆಯ ಪುಟ ತೆರೆದು, ಒಬ್ಬನ ಹೆಸರಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ಒಂದೇ ಒಂದು ಪದ ಬರೆದೆ: "ಇವನೇ".

36ನೆಯ ಪುಟವೇ ಏಕೆ? ಪತ್ತೇದಾರಿ ಕತೆಯ ಕಟ್ಟಡ ತಿಳಿದರೆ ಇದು ಅರ್ಥವಾಗುತ್ತದೆ. ಒಳ್ಳೆಯ ಪತ್ತೇದಾರಿ ಲೇಖಕ ಅಪರಾಧಿಯನ್ನು ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಎಳೆದು ತರುವುದಿಲ್ಲ. ಹಾಗೆ ಮಾಡಿದರೆ ಅದು ಓದುಗನಿಗೆ ಮೋಸ. ಅಪರಾಧಿ ಆರಂಭದಲ್ಲೇ ನಮ್ಮ ಕಣ್ಣ ಮುಂದೆ ಬಂದಿರಬೇಕು, ಆದರೆ ನಮ್ಮ ಗಮನ ಅವನ ಮೇಲೆ ನಿಲ್ಲಬಾರದು. ಅದಕ್ಕಾಗಿ ಲೇಖಕ ಅದೇ ಪುಟದಲ್ಲಿ ಬೇರೊಬ್ಬನ ಅಂಗಿಯ ಮೇಲೆ ಕಲೆಯನ್ನೋ ಮಾತಿನಲ್ಲಿ ತಡವರಿಕೆಯನ್ನೋ ಇಡುತ್ತಾನೆ. ನಾವು ಅತ್ತ ನೋಡುತ್ತೇವೆ. ನಿಜವಾದ ಸುಳಿವು ಇತ್ತ ಯಾವುದೋ ಸಾಧಾರಣ ವಾಕ್ಯದೊಳಗೆ ಅಡಗಿ ಕುಳಿತಿರುತ್ತದೆ. 214ರಲ್ಲಿ ಆ ಮನುಷ್ಯ ಮೊದಲು ಬರುವುದು 36ನೆಯ ಪುಟದಲ್ಲಿ. ಯಾರ ಕಣ್ಣಿಗೂ ಬೀಳದ ಹಾಗೆ ಒಳಗೆ ಬಂದು ಹೋಗುತ್ತಾನೆ. ನನ್ನ ಒಂದು ಪದದಿಂದ, ಅವನು ಮುಂದೆ ಬಾಗಿಲು ತೆರೆದರೂ ನೀರು ಕುಡಿದರೂ ಓದುಗನಿಗೆ ಕಾಣುವುದು ಅವನೊಬ್ಬನೇ. (ಅವನು ಯಾರೆಂದು ಇಲ್ಲಿಯೂ ಬರೆಯುವುದಿಲ್ಲ. ಆ ಕಾದಂಬರಿಯ ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು, ಅದು ನಿಮ್ಮಲ್ಲಿ ಯಾರ ಕೈಗಾದರೂ ಸಿಕ್ಕೀತು.)

ಪುಸ್ತಕ ಹಿಂತಿರುಗಿಸಿದ ದಿನ ಗೆಳೆಯ ಜ್ವರದಿಂದ ಮಲಗಿದ್ದ. ಮಾಷ್ಟ್ರು ಪಟ್ಟಿ ನೋಡಿ, ಅವನ ನಂತರದ ಹೆಸರಿನವರಿಗೆ ಪುಸ್ತಕ ಕೊಟ್ಟುಬಿಟ್ಟರು. ಅವರು ನಮ್ಮ ನೆರೆಮನೆಯ ಅಕ್ಕ. ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದವರು. ಐದನೆಯ ತರಗತಿಗೆ ಶಾಲೆ ಬಿಟ್ಟಿದ್ದರು. ಹಗಲಿಡೀ ಗೆರಸೆ ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಟಿ, ನೂಲು ಸುತ್ತುವುದು. ಸಂಜೆ ಕಟ್ಟುಗಳನ್ನು ಬೀಡಿ ಬ್ರಾಂಚಿಗೆ ಕೊಟ್ಟು ಬರುವುದು. ರಾತ್ರಿ ಎಲ್ಲರೂ ಉಂಡು ಮಲಗಿದ ಮೇಲೆ ಚಿಮಿಣಿ ದೀಪದ ಬುಡದಲ್ಲಿ ನಾಲ್ಕೈದು ಪುಟ ಓದುವುದು. ಎರಡು ತಿಂಗಳಿನಿಂದ ಅವರು 214ಕ್ಕೆ ಕಾಯುತ್ತಿದ್ದರು.

ನಾನು ಬಾಯಿ ಬಿಡಲಿಲ್ಲ. "ಅಕ್ಕಾ, ಪುಸ್ತಕ ಒಂದು ದಿನಕ್ಕೆ ಕೊಡಿ, ಏನೋ ನೋಡಲಿಕ್ಕುಂಟು" ಎಂದು ಕೇಳಿ ಪಡೆದು ಅಳಿಸಿ ಕೊಡಬಹುದಾಗಿತ್ತು. ಅಷ್ಟು ಕೂಡ ಮಾಡಲಿಲ್ಲ. ದಿನಾ ಸಂಜೆ ಅವರ ಅಂಗಳದಲ್ಲಿ ಹಾದುಹೋಗುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡೆ.

ಹದಿನಾಲ್ಕು ದಿನ ಕಳೆದು ಅವರು ವಾಚನಾಲಯಕ್ಕೆ ಬಂದಾಗ ನಾನು ಅಲ್ಲೇ ಇದ್ದೆ. ಅವರು ಪುಸ್ತಕವನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟರು.

"ಹೇಗಿತ್ತು?" ಮಾಷ್ಟ್ರು ಕೇಳಿದರು.

"ಚೆನ್ನಾಗುಂಟು ಮಾಷ್ಟ್ರೇ. ಆದರೆ ಒಂದು ಕಡೆ ಯಾರೋ 'ಇವನೇ' ಅಂತ ಗೀಚಿದ್ದರು."

"ಅಯ್ಯೋ! ಮತ್ತೆ?"

"ಸುಳ್ಳು ಬರೆದಿರಬಹುದು ಅಂತ ಗ್ರಹಿಸಿದೆ. ಸುಳ್ಳಾಗಲಿ ದೇವರೇ ಅಂತಲೇ ಕಡೆಯವರೆಗೆ ಓದಿದೆ." ಅವರು ನಕ್ಕರು. "ಕಡೆಗೆ ಅವನೇ ಆಯ್ತು."

ಮಾಷ್ಟ್ರು ಕನ್ನಡಕ ತೆಗೆದು ನನ್ನ ಕಡೆ ನೋಡಿದರೋ ಇಲ್ಲವೋ, ನಾನು ತಲೆ ಎತ್ತಲಿಲ್ಲ. ಅಕ್ಕ ಮುಂದುವರಿಸಿದರು. "ಮಗಳ ರಬ್ಬರಿನಲ್ಲಿ ಉಜ್ಜಿ ತೆಗೆದಿದ್ದೇನೆ ಮಾಷ್ಟ್ರೇ. ಸ್ವಲ್ಪ ಕಾಗದ ಸವೆದಿದೆ, ಬಯ್ಯಬೇಡಿ. ಇನ್ನು ಆ ಹುಡುಗ ಓದಬೇಕಲ್ಲ, ಜ್ವರ ಬಿಟ್ಟಿದೆಯಂತೆ."

ಮೂರನೆಯ ದಿನ ಗೆಳೆಯ ಪುಸ್ತಕ ಎದೆಗೆ ಒತ್ತಿಕೊಂಡು ಶಾಲೆಗೆ ಓಡಿ ಬಂದ. ಲೆಕ್ಕದ ಜಗಳ ಅವನಿಗೆ ಮರೆತೇ ಹೋಗಿತ್ತು. "ಮಾರಾಯಾ, ಅವನು ಅಂತ ನನಗೆ ಗೊತ್ತೇ ಆಗಲಿಲ್ಲ! ನಿನಗೆ ಗೊತ್ತಾಗಿತ್ತಾ?" ಎಂದು ನನ್ನ ಭುಜ ಹಿಡಿದು ಅಲುಗಿಸಿದ. ಆಮೇಲೆ ಪುಸ್ತಕ ಬಿಡಿಸಿ, 36ನೆಯ ಪುಟವನ್ನು ಬೆಳಕಿಗೆ ಹಿಡಿದು, ಪತ್ತೇದಾರನ ಗತ್ತಿನಲ್ಲಿ ಕಣ್ಣು ಕಿರಿದು ಮಾಡಿದ.

"ಇಲ್ಲಿ ನೋಡು. ಏನೋ ಬರೆದು ಉಜ್ಜಿದ ಗುರುತು ಉಂಟು. ಯಾರದ್ದಿರಬಹುದು?"

"ಗೊತ್ತಿಲ್ಲ" ಎಂದೆ.

ಪದಗಳ ಅರ್ಥ
ಸರದಿ – ಪಾಳಿ. ಗೆರಸೆ – ಬಿದಿರಿನ ಅಗಲವಾದ ಮೊರ. ಚಿಮಿಣಿ ದೀಪ – ಸೀಮೆಎಣ್ಣೆಯ ದೀಪ. ಮಾಡು – ಛಾವಣಿ. ಗ್ರಹಿಸು – (ಇಲ್ಲಿ) ಊಹಿಸು, ಅಂದುಕೊಳ್ಳು

ಓದಿ ಚರ್ಚಿಸಿ
• ಪೆನ್ಸಿಲಿನಲ್ಲಿ ಬರೆದ ಪದ ಸುಳ್ಳಾಗಲಿ ಎಂದು ಅಕ್ಕ ಬಯಸಿದ್ದು ಏಕೆ?
• ಯಕ್ಷಗಾನದ ಪ್ರೇಕ್ಷಕನಿಗೂ ಪತ್ತೇದಾರಿ ಕಾದಂಬರಿಯ ಓದುಗನಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಅನುಭವದ ಆಧಾರದಲ್ಲಿ ವಿವರಿಸಿ.
• ಮೇಜಿನ ಬಳಿ ನಡೆದ ಸಂಭಾಷಣೆಯನ್ನು ಮಾಷ್ಟ್ರು ತಮ್ಮ ದಿನಚರಿಯಲ್ಲಿ ಹೇಗೆ ಬರೆದಿರಬಹುದು? ಕಲ್ಪಿಸಿ ಬರೆಯಿರಿ.
• ನೀವು ಓದಿದ ಒಂದು ಪತ್ತೇದಾರಿ ಕತೆಯನ್ನು ತರಗತಿಗೆ ಪರಿಚಯಿಸಿ. ಗುಟ್ಟು ಹೊರಬೀಳಬಾರದು.